ಗಾಜಿನೊಳಗಿನ ಕ್ವಾಂಟಮ್ ಚುಕ್ಕಿ: ಕೆಂಪು ಗಾಜಿನ ಬಣ್ಣ ಎಲ್ಲಿಂದ ಬರುತ್ತದೆ, ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

“ಕ್ವಾಂಟಮ್ ಲೋಟದ ನೀರು ಕುಡಿದರೆ ಕಾಯಿಲೆ ಮಾಯ”, “ಕ್ವಾಂಟಮ್ ಪೆಂಡೆಂಟ್ ಹಾಕಿಕೊಂಡರೆ ಮೊಬೈಲ್ ವಿಕಿರಣ ತಟ್ಟುವುದಿಲ್ಲ”, “ಕ್ವಾಂಟಮ್ ಟಿವಿ ವಿಷ ಕಾರುತ್ತದೆ”. ಇಂಥ ಸಂದೇಶಗಳಿಗೆ ಊರಿನ ಹಂಗಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟ್ ಗ್ರೂಪಿಗೆ ಬಂದದ್ದು ಹಾಸನದ ಗಡಿಗೆ ಅಂಟಿಕೊಂಡಿರುವ ಕೊಡಗಿನ ಶಿರಂಗಾಲದ ಫ್ಯಾಮಿಲಿ ಗ್ರೂಪಿಗೂ ಅದೇ ನಿಮಿಷದಲ್ಲಿ ತಲುಪುತ್ತದೆ. ಕ್ವಾಂಟಮ್ ಚುಕ್ಕಿಗಳಿರುವ ಗಾಜು ನಿಜಕ್ಕೂ ಇದೆ, ಅದರ ಸಂಶೋಧನೆಗೆ ನೊಬೆಲ್ ಕೂಡ ಬಂದಿದೆ. ಆದರೆ ಅದು ಮಾಡುವ ಕೆಲಸವೇ ಬೇರೆ.

ಗಾಜಿಗೆ ಹಳದಿ, ಕಿತ್ತಳೆ, ಕೆಂಪು ಬಣ್ಣ ಬರಿಸಲು ಕ್ಯಾಡ್ಮಿಯಂ ಸಲ್ಫೈಡ್ ಮತ್ತು ಸೆಲೆನಿಯಂ ಬೆರೆಸುವುದು ಹಳೆಯ ಪದ್ಧತಿ. ಇದರಲ್ಲೊಂದು ವಿಚಿತ್ರವಿದೆ. ಕರಗಿಸಿದ ಗಾಜನ್ನು ಬೇಗ ತಣಿಸಿದರೆ ಬಣ್ಣ ಇರುವುದೇ ಇಲ್ಲ, ಇದ್ದರೂ ತೀರಾ ತಿಳಿ. ಅದನ್ನೇ ಮತ್ತೆ ಕುಲುಮೆಗಿಟ್ಟು ಹದವಾಗಿ ಕಾಯಿಸಿದರೆ ಬಣ್ಣ ನಿಧಾನವಾಗಿ ಮೂಡುತ್ತದೆ. ಹೆಚ್ಚು ಹೊತ್ತು ಕಾಯಿಸಿದರೆ ಬಣ್ಣ ಕೆಂಪಿನ ಕಡೆಗೆ ವಾಲುತ್ತದೆ. ಬಣ್ಣದ ಪುಡಿ ಕಲಸಿದ್ದರೆ ಹೀಗಾಗುತ್ತಿರಲಿಲ್ಲ.

ಈ ಒಗಟಿನ ಹಿಂದೆ ಬಿದ್ದವರು ರಷ್ಯಾದ ಅಲೆಕ್ಸಿ ಎಕಿಮೊವ್. ಅವರು ಗಾಜಿಗೆ ತಾಮ್ರದ ಕ್ಲೋರೈಡ್ ಸೇರಿಸಿ, 500ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 1 ಗಂಟೆಯಿಂದ 96 ಗಂಟೆಯವರೆಗೆ ಇಟ್ಟು ನೋಡಿದರು. ಗಾಜಿನೊಳಗೆ ಸಣ್ಣ ಹರಳುಗಳು ಬೆಳೆದಿದ್ದವು. ಕೆಲವು ಕೇವಲ 2 ನ್ಯಾನೋಮೀಟರ್, ಕೆಲವು 30ರವರೆಗೆ. (ಮಿಲಿಮೀಟರಿನ 10 ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್.) ಹರಳು ಚಿಕ್ಕದಾದಷ್ಟೂ ಅದು ಹೀರುವ ಬೆಳಕು ನೀಲಿಯ ಕಡೆಗೆ ಸರಿಯುತ್ತಿತ್ತು. ವಸ್ತು ಒಂದೇ, ಗಾತ್ರ ಮಾತ್ರ ಬೇರೆ! 1981ರಲ್ಲಿ ಇದನ್ನು ಪ್ರಕಟಿಸಿದರು. 1983ರಲ್ಲಿ ಅಮೆರಿಕದ ಲೂಯಿ ಬ್ರೂಸ್ ಇದೇ ಗುಣವನ್ನು ದ್ರಾವಣದಲ್ಲಿ ತೇಲುವ ಕಣಗಳಲ್ಲಿ ತೋರಿಸಿದರು. 1993ರಲ್ಲಿ ಮೌಂಗಿ ಬವೆಂಡಿ ಒಂದೇ ಗಾತ್ರದ ಕಣಗಳನ್ನು ಚೊಕ್ಕವಾಗಿ ತಯಾರಿಸುವ ದಾರಿ ಕಂಡುಕೊಂಡರು. 2023ರ ರಸಾಯನಶಾಸ್ತ್ರದ ನೊಬೆಲ್ ಈ ಮೂವರಿಗೆ ಸಂದಿತು.

ಗಾತ್ರಕ್ಕೂ ಬಣ್ಣಕ್ಕೂ ಏನು ನಂಟು? ವೀಣೆಯನ್ನು ನೆನಪಿಸಿಕೊಳ್ಳಿ. ತಂತಿಯನ್ನು ಒತ್ತಿ, ಮಿಡಿಯುವ ಉದ್ದ ಕಡಿಮೆ ಮಾಡಿದಷ್ಟೂ ಸ್ವರ ಏರುತ್ತದೆ. ಹರಳಿನೊಳಗಿನ ಎಲೆಕ್ಟ್ರಾನ್ ಕೂಡ ಅಲೆಯಂತೆ ವರ್ತಿಸುತ್ತದೆ. ಅದನ್ನು ಕೆಲವೇ ನ್ಯಾನೋಮೀಟರ್ ಜಾಗದಲ್ಲಿ ಕೂಡಿಹಾಕಿದರೆ ಮೇಲಿನ ಮಟ್ಟಕ್ಕೆ ಜಿಗಿಯಲು ಹೆಚ್ಚು ಶಕ್ತಿ ಬೇಕು. ಹೆಚ್ಚು ಶಕ್ತಿಯ ಬೆಳಕೆಂದರೆ ನೀಲಿ, ಕಡಿಮೆ ಶಕ್ತಿಯದು ಕೆಂಪು. ಕ್ಯಾಡ್ಮಿಯಂ ಸೆಲೆನೈಡ್‌ನ ದೊಡ್ಡ ಹರಳು ಸುಮಾರು 710 ನ್ಯಾನೋಮೀಟರ್ ತರಂಗದವರೆಗಿನ ಬೆಳಕನ್ನು ನುಂಗುತ್ತದೆ, ಅಂದರೆ ಕಣ್ಣಿಗೆ ಹೆಚ್ಚುಕಡಿಮೆ ಕಪ್ಪು. ಅದೇ ವಸ್ತುವಿನ 2 ನ್ಯಾನೋಮೀಟರ್ ಚುಕ್ಕಿ ನೀಲಿ-ಹಸಿರು ಬೆಳಕು ಸೂಸಿದರೆ 6 ನ್ಯಾನೋಮೀಟರಿನದು ಕೆಂಪು ಬೆಳಕು ಸೂಸುತ್ತದೆ. ಅಂಗಡಿಯಲ್ಲಿ ಸಿಗುವ ಫಿಲ್ಟರ್ ಗಾಜುಗಳಲ್ಲಿ ಗಾತ್ರದ ಜೊತೆಗೆ ಗಂಧಕ ಎಷ್ಟು, ಸೆಲೆನಿಯಂ ಎಷ್ಟು ಎಂಬ ಪ್ರಮಾಣವೂ ಬಣ್ಣವನ್ನು ತೀರ್ಮಾನಿಸುತ್ತದೆ. ಚಿನ್ನದ ಕಣಗಳಿಂದ ಕೆಂಪಾಗುವ ಗಾಜೂ ಇದೆ, ಅದರ ಲೆಕ್ಕ ಬೇರೆ: ಅಲ್ಲಿ ಲೋಹದ ಎಲೆಕ್ಟ್ರಾನುಗಳೆಲ್ಲ ಒಟ್ಟಾಗಿ ತೂಗುತ್ತವೆ.

ಇಂಥ ಗಾಜಿನ ದೊಡ್ಡ ಗುಣ ಖಡಕ್ ಗಡಿ. ಒಂದು ತರಂಗದೂರದವರೆಗಿನ ಬೆಳಕನ್ನು ಪೂರ್ತಿ ತಡೆದು, ಅದರಾಚೆಯದನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಕ್ಯಾಮೆರಾ ಫಿಲ್ಟರಿಗೆ, ರೈಲ್ವೆ ಸಿಗ್ನಲ್ಲಿನ ಕೆಂಪು ಗಾಜಿಗೆ ಇದು ಒಗ್ಗಿತು. (ರೈಲೇ ಇಲ್ಲದ ಕೊಡಗಿನವರು ಅದನ್ನು ನೋಡಲು ಘಟ್ಟ ಇಳಿಯಬೇಕು, ಇಲ್ಲವೇ ಮೈಸೂರಿಗೆ ಹೋಗಬೇಕು.) ಗಾಜನ್ನು ಕಾಯಿಸಿದರೆ ಈ ಗಡಿ ಕೆಂಪಿನತ್ತ ಸರಿಯುತ್ತದೆ, ಆರಿದರೆ ವಾಪಸ್ ಬರುತ್ತದೆ. ಸೀಸದ ಸಲ್ಫೈಡ್ ಚುಕ್ಕಿಗಳ ಗಾಜು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೀರುತ್ತದೆ. ಬೆಳಕು ತೀರಾ ಪ್ರಖರವಾದರೆ ಹೀರಿ ಸಾಕಾಗಿ ಕ್ಷಣಕಾಲ ಪಾರದರ್ಶಕವಾಗುತ್ತದೆ. ಲೇಸರಿನಿಂದ ಅತಿ ಚುಟುಕು ಮಿಂಚುಗಳನ್ನು ಹೊರಡಿಸಲು ಈ ಗುಣ ಬೇಕು. ಕುಂದೂ ಇದೆ: ಬಲವಾದ ಬೆಳಕಿಗೆ ಬಹಳ ಹೊತ್ತು ಒಡ್ಡಿದರೆ ಚುಕ್ಕಿಗಳ ಹೊಳಪು ತಗ್ಗುತ್ತದೆ. ಬೆಂಗಳೂರಿನ ಐಐಎಸ್‌ಸಿ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಕ್ವಾಂಟಮ್ ಚುಕ್ಕಿಗಳ ಮೇಲೆ ಸಂಶೋಧನೆ ನಡೆದಿದೆ.

ಈಗ ಫಾರ್ವರ್ಡ್‌ಗಳಿಗೆ ಬರೋಣ. ಕ್ಯೂಎಲ್‌ಇಡಿ ಟಿವಿಯಲ್ಲಿ ನೀಲಿ ಎಲ್‌ಇಡಿ ಬೆಳಕನ್ನು ಚುಕ್ಕಿಗಳು ಹಸಿರು, ಕೆಂಪಾಗಿ ಬದಲಿಸುತ್ತವೆ. ಹೊರಬರುವುದು ಮಾಮೂಲಿ ಬೆಳಕಷ್ಟೆ. ಅನೇಕ ಟಿವಿಗಳಲ್ಲಿ ಕ್ಯಾಡ್ಮಿಯಂ ಬದಲು ಇಂಡಿಯಂ ಫಾಸ್ಫೈಡ್ ಬಳಸುತ್ತಾರೆ. ಲೋಟದ ಮಾತಂತೂ ಬಿಡಿ, ಬಣ್ಣದ ಗಾಜಿನಲ್ಲಿಟ್ಟ ನೀರು ನೀರೇ. ಗೇಟಿನ ಮುಂದೆ ಬಣ್ಣದ ನೀರಿನ ಬಾಟಲಿಯಿಟ್ಟರೆ ನಾಯಿ ಬರುವುದಿಲ್ಲ ಎಂಬುದೂ ಇದೇ ಜಾತಿಯ ನಂಬಿಕೆ.

ಪೆಂಡೆಂಟ್ ವಿಷಯದಲ್ಲಿ ಮಾತ್ರ ನಕ್ಕು ಸುಮ್ಮನಾಗುವಂತಿಲ್ಲ. 2021ರ ಡಿಸೆಂಬರಿನಲ್ಲಿ ನೆದರ್‌ಲೆಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ ಇಂಥ 10 ಉತ್ಪನ್ನಗಳು ವಿಕಿರಣಶೀಲವಾಗಿವೆ, ಧರಿಸಬೇಡಿ ಎಂದು ಎಚ್ಚರಿಸಿತು. ಪಟ್ಟಿಯಲ್ಲಿ ಕ್ವಾಂಟಮ್ ಪೆಂಡೆಂಟ್ ಕೂಡ ಇತ್ತು. ವಿಕಿರಣ ತಡೆಯುತ್ತದೆಂದು ಕೊಂಡ ವಸ್ತುವೇ ವಿಕಿರಣ ಸೂಸುತ್ತಿತ್ತು. ಮೊಬೈಲಿನ ರೇಡಿಯೋ ತರಂಗದಂತಲ್ಲ ಇದು, ದಿನಗಟ್ಟಲೆ ಮೈಗೆ ತಾಗಿದ್ದರೆ ಚರ್ಮಕ್ಕೂ ಜೀವಕೋಶಗಳಿಗೂ ಹಾನಿ ಮಾಡಬಲ್ಲದು.

ಹಾಗಾದರೆ ಕ್ಯಾಡ್ಮಿಯಂ? ಅದು ವಿಷ ಹೌದು, ಆದರೆ ಗಾಜಿನ ಒಡಲಲ್ಲಿ ಬಂಧಿಯಾಗಿರುವಾಗ ಹೊರಬರುವುದು ತೀರಾ ಕಡಿಮೆ. ತೊಂದರೆ ಇರುವುದು ಲೋಟದ ಹೊರಮೈಗೆ ಬಳಿದ ಕೆಂಪು-ಹಳದಿ ಚಿತ್ತಾರದಲ್ಲಿ. 2010ರಲ್ಲಿ ಅಮೆರಿಕದ ಮೆಕ್‌ಡೊನಾಲ್ಡ್ಸ್ ಇದೇ ಕಾರಣಕ್ಕೆ ಸುಮಾರು 1.2 ಕೋಟಿ ಶ್ರೆಕ್ ಚಿತ್ರದ ಲೋಟಗಳನ್ನು ವಾಪಸ್ ಪಡೆಯಿತು. ಹುಳಿ ಪದಾರ್ಥ ಇಂಥ ಬಣ್ಣವನ್ನು ಕರಗಿಸಬಲ್ಲದು. ಕಾಚಂಪುಳಿ, ನಿಂಬೆರಸ, ಉಪ್ಪಿನಕಾಯಿಯನ್ನು ಚಿತ್ತಾರವಿಲ್ಲದ ಬಿಳಿ ಗಾಜಿನ ಬಾಟಲಿಯಲ್ಲಿಡಿ. ಬಾಯಿ ತಾಗುವ ಅಂಚಿನವರೆಗೂ ಬಣ್ಣವಿರುವ ಲೋಟ ಮಕ್ಕಳ ಕೈಗೆ ಬೇಡ, ಅದರಲ್ಲಿ ಪೆನ್ನು ಪೆನ್ಸಿಲ್ ಇಟ್ಟುಕೊಳ್ಳಿ.