ಕಪ್ಪು ಕಾರಿನ ಗೀರು, ಬನ್ನಿಮಂಟಪದ ಅರಗು

1/4
ಆಯುಧಪೂಜೆ ದಿನ ಬೆಳಿಗ್ಗೆ ನಮ್ಮ ಶ್ರೀರಾಂಪುರದ ಯಾವ ಬೀದಿಗೆ ಹೋದ್ರೂ ಒಂದೇ ದೃಶ್ಯ. ಬಕೆಟ್ಟು, ಪೈಪು, ಹಳೇ ಬನಿಯನ್ನು, ಮನೆ ಮುಂದೆ ಸಾಲಾಗಿ ಗಾಡಿಗಳು. ಹೋದ ವರ್ಷ ನಾನೂ ಮಾವನ ಕಪ್ಪು ಕಾರು ಒರೆಸಿದೆ. ನೀರು ಹಾಕೋಕೆ ಮುಂಚೆ ಧೂಳು ಹೋಗ್ಲಿ ಅಂತ ಒಣಬಟ್ಟೆಯಲ್ಲಿ, ಅದೂ ಒತ್ತಿ ಒತ್ತಿ! ಮಧ್ಯಾಹ್ನದ ಬಿಸಿಲು ಬಾನೆಟ್ ಮೇಲೆ ಬಿದ್ದಾಗ ಗೊತ್ತಾಯ್ತು. ಸೂರ್ಯನ ಪ್ರತಿಬಿಂಬದ ಸುತ್ತ ಜೇಡರಬಲೆ ತರ ಗೀರುಗಳು. ಮೊದಲನೇ ಫೋಟೋ ಜೂಮ್ ಮಾಡಿ ನೋಡಿ. ಮಾವ ಏನೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಮಣ್ಣಿನ ಧೂಳಲ್ಲಿ ಸಣ್ಣ ಸಣ್ಣ ಸ್ಫಟಿಕದ ಮರಳಿರುತ್ತೆ. ಕಾರಿನ ಬಣ್ಣಕ್ಕಿಂತ ಅದು ಎಷ್ಟೋ ಗಟ್ಟಿ. ಒಣಬಟ್ಟೆ ಆ ಮರಳನ್ನ ಹಿಡ್ಕೊಂಡು ಉಪ್ಪುಕಾಗದ ಆಗಿಬಿಡುತ್ತೆ. ಗೀರು ನಿಜಕ್ಕೂ ದುಂಡಗಿರಲ್ಲ, ಎಲ್ಲಾ ದಿಕ್ಕಿಗೂ ಇರುತ್ತೆ. ಆದ್ರೆ ಬೆಳಕಿಗೆ ಅಡ್ಡವಾಗಿರೋದು ಮಾತ್ರ ಮಿನುಗೋದ್ರಿಂದ ಬಳೆ ತರ ಕಾಣುತ್ತೆ. ಬಿಳಿ ಕಾರಲ್ಲೂ ಇಷ್ಟೇ ಗೀರು ಇರುತ್ತೆ, ಬಿಳಿ ಮೇಲೆ ಬಿಳಿ ಮಿನುಗು ಕಾಣಲ್ಲ ಅಷ್ಟೆ.

ಹಾಗಾದ್ರೆ ಈ ಕಪ್ಪು ಹೊಳಪು ಕಾರಿಗೆ ಬಂದದ್ದು ಎಲ್ಲಿಂದ? ಅದನ್ನ ಹುಡುಕ್ತಾ ಹೋದ ನಾನು ಬಂದು ನಿಂತದ್ದು ನಮ್ಮ ಊರಿನ ಇನ್ನೊಂದು ತುದಿಯಲ್ಲಿರೋ ಬನ್ನಿಮಂಟಪದಲ್ಲಿ.

2/4
ಮೊದಮೊದಲ ಕಾರುಗಳಿಗೆ ಬಣ್ಣ ಹಚ್ತಾ ಇದ್ದದ್ದು ಕುದುರೆಗಾಡಿಗೆ ಹಚ್ಚೋ ಹಾಗೆ. ಕುಂಚದಲ್ಲಿ ಎಣ್ಣೆ ವಾರ್ನಿಶ್ ಹಚ್ಚೋದು, ಒಣಗಿಸೋದು, ಉಜ್ಜೋದು, ಮತ್ತೆ ಹಚ್ಚೋದು. ಒಂದು ಗಾಡಿ ಮುಗಿಯೋಕೆ ವಾರಗಟ್ಟಲೆ ಬೇಕಿತ್ತು. 1913ರಲ್ಲಿ ಫೋರ್ಡ್ ಕಾರ್ಖಾನೆಯಲ್ಲಿ ಚಲಿಸೋ ಜೋಡಣಾ ಸಾಲು ಶುರುವಾದ ಮೇಲೆ ಅಷ್ಟು ಕಾಯೋಕೆ ಯಾರಿಗೆ ಪುರುಸೊತ್ತು? 1914ರಿಂದ 1925ರವರೆಗೆ ಮಾಡೆಲ್ ಟಿ ಬಂದದ್ದು ಕಪ್ಪಲ್ಲಿ ಮಾತ್ರ. 1908ರಲ್ಲಿ ಅದು ಶುರುವಾದಾಗ ಬೇರೆ ಬಣ್ಣಗಳೂ ಇದ್ವು, ರೀಲ್ಸ್ ನೋಡಿ ನಂಬಬೇಡಿ.

ಆ ಕಪ್ಪಿನಲ್ಲಿ ಇದ್ದದ್ದು ಡಾಂಬರಿನ ಜಾತಿಯ ಖನಿಜ ರಾಳ. ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡೋ ಇದನ್ನ ಇಂಗ್ಲಿಷಿನೋರು 'ಜಪಾನ್' ಅಂತಾನೇ ಕರೀತಿದ್ರು. ಯಾಕಂದ್ರೆ ಚೀನಾ, ಜಪಾನಿನ ಮರದ ಹಾಲಿನಿಂದ ಮಾಡಿದ ಕಪ್ಪು ಹೊಳಪಿನ ಪೆಟ್ಟಿಗೆಗಳಿಗೆ ಯುರೋಪ್ ಮರುಳಾಗಿತ್ತು. ಆ ಮರ ಅಲ್ಲಿ ಬೆಳೀತಿರಲಿಲ್ಲ. ಸಿಕ್ಕ ಸಾಮಾನಲ್ಲಿ ನಕಲು ಮಾಡಿದ್ರು.

3/4
ನಮ್ಮ ಹತ್ತಿರ ನಕಲು ಬೇಕಿರಲಿಲ್ಲ, ಅರಗಿತ್ತು. ಪಾಂಡವರ ಅರಗಿನ ಮನೆ ಕತೆ ಕೇಳಿದ್ದೀರಲ್ಲ, ಅದೇ ಅರಗು. ಮರದ ಕೊಂಬೆ ಮೇಲೆ ಕೂರೋ ಒಂದು ಪುಟ್ಟ ಹುಳು ಬಿಡೋ ರಾಳ. ಚನ್ನಪಟ್ಟಣದಲ್ಲಿ ತಿರುಗೋ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಉಜ್ಜೋ ಬಿಸಿಗೇ ಅದು ಕರಗಿ ಮರಕ್ಕೆ ಹತ್ತುತ್ತೆ. ಆಮೇಲೆ ಕೇದಿಗೆ ಜಾತಿಯ ಗಿಡದ ಎಲೆ ಒತ್ತಿ ಹೊಳಪು ಕೊಡ್ತಾರೆ. ಗೀರು ಬಿತ್ತಾ? ಮತ್ತೆ ತಿರುಗಿಸಿ ಬಿಸಿ ಮಾಡಿ, ಅರಗು ಹರಿದು ಗೀರು ಮುಚ್ಚಿಕೊಳ್ಳುತ್ತೆ. ಬಡಗಿಗಳ ಫ್ರೆಂಚ್ ಪಾಲಿಶ್ ಕೂಡ ಹೀಗೇ. ಸ್ಪಿರಿಟ್ಟಲ್ಲಿ ಕರಗಿಸಿದ ಅರಗನ್ನ ಬಟ್ಟೆ ಉಂಡೆಯಲ್ಲಿ ಉಜ್ಜಿದ್ರೆ ಹೊಸ ಪದರ ಹಳೇ ಪದರದೊಳಗೇ ಕರಗಿ ಸೇರುತ್ತೆ.

1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಮೈಸೂರಲ್ಲಿ ಶುರುವಾದದ್ದು 'ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್'. ಹೆಸರಲ್ಲೇ ಮೊದಲು ಅರಗು, ಆಮೇಲೆ ಬಣ್ಣ. ಹಳಬರ ಬಾಯಲ್ಲಿ ಅದು ಮೈಲ್ಯಾಕ್. 1989ರಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಅಂತ ಹೆಸರು ಬದಲಾಯ್ತು. ನಿಮಗೆ ಅದು ಗೊತ್ತಿರೋದು ಬೇರೆ ಕಾರಣಕ್ಕೆ. 1962ರ ಚುನಾವಣೆಯಿಂದ ವೋಟು ಹಾಕಿದವರ ಬೆರಳಿಗೆ ಹಚ್ಚೋ ಅಳಿಸಲಾಗದ ಶಾಯಿ ಅಲ್ಲೇ ತಯಾರಾಗೋದು. ಹೊಳಪು ಕೊಡೋಕೆ ಹುಟ್ಟಿದ ಕಾರ್ಖಾನೆ ದೇಶಕ್ಕೆಲ್ಲ ಪರಿಚಯ ಆದದ್ದು ಉಜ್ಜಿದ್ರೂ ಹೋಗದ ಕಲೆಯಿಂದ. ನನಗಂತೂ ಇದು ಬಹಳ ಇಷ್ಟ.

ಅತ್ತ 1923ರ ಹೊತ್ತಿಗೆ ಅಮೆರಿಕದಲ್ಲಿ ಡುಪಾಂಟ್ ಕಂಪನಿಯ 'ಡ್ಯೂಕೋ' ಬಂತು. ಬಂದೂಕಿನ ಮದ್ದಿನ ಹತ್ತಿರದ ನೆಂಟ, ನೈಟ್ರೋಸೆಲ್ಯುಲೋಸ್. ವಾರಗಳ ಕೆಲಸ ಗಂಟೆಗಳಿಗೆ ಇಳೀತು, ಕಾರುಗಳು ಬಣ್ಣಬಣ್ಣ ಆದ್ವು. ಇದಕ್ಕೂ ಅರಗಿನ ಗುಣ ಒಂದಿತ್ತು. ಅದರದೇ ತಿನ್ನರ್ ತಾಗಿದ್ರೆ ಗಟ್ಟಿಯಾದ ಮೇಲೂ ಕರಗುತ್ತೆ. ಮೇಲೆ ಹೊಸದಾಗಿ ಹೊಡೆದ್ರೆ ಹಳೇದರ ಜೊತೆ ಬೆರೆಯುತ್ತೆ.

4/4
ಈಗ ಮಾವನ ಕಾರಿಗೆ ಬರೋಣ. 1980ರ ದಶಕದಿಂದ ಹೆಚ್ಚಾಗಿ ಬಂದ ವಿಧಾನ ಬೇರೆ. ಕೆಳಗೆ ತೆಳು ಬಣ್ಣ, ಅದರ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಕಪ್ಪು ಇರೋದು ಕೆಳಗೆ, ಹೊಳಪು ಇರೋದು ಮೇಲೆ. ಈ ಕ್ಲಿಯರ್ ಕೋಟ್ ಬೆಂದ ಮೊಟ್ಟೆ ಇದ್ದ ಹಾಗೆ. ಒಮ್ಮೆ ಗಟ್ಟಿಯಾದ್ರೆ ಮತ್ತೆ ಕರಗಿ ಹರಿಯಲ್ಲ. ಮಳೆ ಬಿಸಿಲು ತಡೆಯೋದಕ್ಕೆ ಒಳ್ಳೇದೇ, ಆದ್ರೆ ಗೀರು ತನ್ನಷ್ಟಕ್ಕೆ ಮುಚ್ಚಲ್ಲ. ಅದನ್ನ ತೆಗೆಯೋಕೆ ಇರೋದು ಒಂದೇ ದಾರಿ: ಗೀರಿನ ಆಳಕ್ಕೆ ಇಳಿಯೋವರೆಗೂ ಸುತ್ತಲಿನ ಪದರವನ್ನೆಲ್ಲ ಸವೆಸೋದು. ಕಾಂಪೌಂಡ್, ರಬ್ಬಿಂಗ್, ಪಾಲಿಶ್ ಅಂತ ಅಂಗಡಿಯಲ್ಲಿ ಹೇಳೋದೆಲ್ಲ ಇದೇ.

ಎಷ್ಟು ಸವೆಸಬಹುದು? ಸಾಮಾನ್ಯವಾಗಿ ಕ್ಲಿಯರ್ ಕೋಟ್ ಇರೋದೇ 40-50 ಮೈಕ್ರಾನ್, ತಲೆಕೂದಲಿಗಿಂತ ತೆಳು. ನೇರಳಾತೀತ ಕಿರಣ ತಡೆಯೋ ಅಂಶವೂ ಅದರಲ್ಲೇ ಇರುತ್ತೆ. ಮಾವ ಪ್ರತಿ ದಸರಾಕ್ಕೂ ಮಷಿನ್ ಪಾಲಿಶ್ ಮಾಡಿಸ್ತಿದ್ರು. ಕೊನೇ ಫೋಟೋದಲ್ಲಿ ಬಾನೆಟ್ ಅಂಚಲ್ಲಿ ಬೂದಿ ಬಣ್ಣದ ಪಟ್ಟಿ ಕಾಣ್ತಿದೆಯಲ್ಲ, ಅಲ್ಲಿ ಪದರವೇ ಖಾಲಿ. ಅಂಚಿನಲ್ಲಿ ಯಾವಾಗಲೂ ಬೇಗ ಸವೆಯುತ್ತೆ. ಹಾಗಾಗಿ ನನ್ನ ಗೀರು ತೆಗೆಯೋಕೆ ಇನ್ನೊಂದು ಸಲ ಇಡೀ ಬಾನೆಟ್ ಉಜ್ಜಿಸೋ ಹಾಗಿರಲಿಲ್ಲ.

ನೀವೇ ನೋಡ್ಕೋಬಹುದು. ಗೀರಿನ ಮೇಲೆ ಉಗುರು ಅಡ್ಡ ಎಳೀರಿ. ಸಿಕ್ಕಿಕೊಂಡ್ರೆ ಅದು ಆಳ, ಉಜ್ಜಿ ಪ್ರಯೋಜನ ಇಲ್ಲ. ನೀರು ಹಾಕಿದಾಗ ಗೀರು ಮಾಯವಾದ್ರೆ ಬಹುಶಃ ಮೇಲಿನ ಪದರದಲ್ಲೇ ಇದೆ. ಆಗ ಚೆನ್ನಾಗಿ ತೊಳೆದು, ನೆರಳಲ್ಲಿ ನಿಲ್ಲಿಸಿ, ಅಂಗೈಯಗಲ ಜಾಗದಲ್ಲಿ ಅತಿ ನುಣುಪಾದ ಪಾಲಿಶ್ ಹಾಕಿ ನೋಡಿ. ಅಷ್ಟಕ್ಕೇ ಹೋದ್ರೆ ಒರಟು ಕಾಂಪೌಂಡ್ ಮುಟ್ಟಬೇಡಿ. ಟೂತ್‌ಪೇಸ್ಟ್ ಕೂಡ ಸವೆಸೋ ಪುಡಿಯೇ, ಎಷ್ಟು ಒರಟು ಅಂತ ಟ್ಯೂಬ್ ಮೇಲೆ ಬರೆದಿರಲ್ಲ. ಬ್ರೆಜಿಲಿನ ತಾಳೆಜಾತಿಯ ಮರದ ಕಾರ್ನೌಬಾ ಮೇಣ ಗೀರು ತೆಗೆಯಲ್ಲ, ತುಂಬಿ ಮರೆಮಾಡುತ್ತೆ, ಸ್ವಲ್ಪ ದಿನಕ್ಕೆ ಹೋಗುತ್ತೆ. ಅದು ಮೋಸ ಅಂತ ಕೆಲವರು ಅಂತಾರೆ. ಪದರ ಖರ್ಚಾಗದ ಮೋಸ, ನನಗೆ ಒಪ್ಪಿಗೆ. ಚಾಮುಂಡಿಬೆಟ್ಟದ ನಂದಿ ಕೂಡ ಎಣ್ಣೆ ಹಚ್ಚಿ ಹಚ್ಚಿ ಕಪ್ಪಾದದ್ದು, ಒಳಗಿರೋದು ಬೂದು ಕಲ್ಲು.

ಬಾನೆಟ್ ನಡುಭಾಗಕ್ಕೆ ಮಾತ್ರ ಕೈಯಲ್ಲೇ ನುಣುಪು ಪಾಲಿಶ್, ಅಂಚಿಗೆ ಬರೀ ಮೇಣ. ಅರ್ಧದಷ್ಟು ಗೀರು ಹೋಯ್ತು. ಉಳಿದದ್ದು ಸಂಜೆ ಬಿಸಿಲಲ್ಲಿ ಈಗಲೂ ಕಾಣುತ್ತೆ. ಈ ಸಲ ದಸರಾಕ್ಕೆ ಮೊದಲು ಪೈಪಿನ ನೀರು, ಆಮೇಲೆ ಶಾಂಪೂ ಬಕೆಟ್ಟು, ಬಟ್ಟೆ ಅದ್ದಿ ತೊಳೆಯೋಕೆ ಬೇರೆ ಬಕೆಟ್ಟು. ಬಟ್ಟೆ ಹಿಡ್ಕೊಳ್ಳೋದು ಮಾತ್ರ ಮಾವನೇ.

#ಮೈಸೂರುಇತಿಹಾಸ #ಶ್ರೀರಾಂಪುರ #ಅರಗು #ಕಪ್ಪುಕಾರು