ಪ್ರತಿ ಮಾಡುವವನ ಕಷ್ಟ: ಕಾಸರಗೋಡಿನ ಭಾಷಾಸಾಮಗ್ರಿ, ಓಲೆಯಿಂದ ಹಾರ್ಡ್ ಡಿಸ್ಕಿನವರೆಗೆ

ಗಡಿನಾಡಿನ ಉಪಭಾಷೆಗಳ ಕುರಿತ ಸಂಕಿರಣಗಳಲ್ಲಿ ಬರುವ ಪ್ರಬಂಧಗಳು ಹೆಚ್ಚಾಗಿ ಧ್ವನಿ, ಪ್ರತ್ಯಯ, ಶಬ್ದಭಂಡಾರಗಳನ್ನು ಕುರಿತವು. ಆ ಸಾಮಗ್ರಿ ಯಾವುದರ ಮೇಲೆ ಕೂತಿದೆ, ಎಷ್ಟು ಕಾಲ ಕೂತಿರುತ್ತದೆ, ಒಂದು ಮಣೆಯಿಂದ ಎಬ್ಬಿಸಿ ಇನ್ನೊಂದು ಮಣೆಯಲ್ಲಿ ಕೂರಿಸುವಾಗ ಏನು ಕಳೆದುಹೋಗುತ್ತದೆ ಎಂಬ ವಿಚಾರವನ್ನು ಎತ್ತಿಕೊಂಡವರು ಕಡಿಮೆ. ನಾನು ಭಾಷಾವಿಜ್ಞಾನಿಯಲ್ಲ, ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಶಬ್ದರೂಪ, ಧಾತುರೂಪ ಬಾಯಿಪಾಠ ಮಾಡಿಸಿದವನು. ಆದರೆ ಕುಂಬಳೆ ಸೀಮೆಯ ಹವ್ಯಕ ಮಾತನ್ನು ಒಂದಿಷ್ಟು ಕ್ಯಾಸೆಟ್ಟುಗಳಲ್ಲಿ, ಚೀಟಿಗಳಲ್ಲಿ ಕೂಡಿಹಾಕಿದ್ದರಿಂದಲೂ, ಅದನ್ನು ಹಳೆಯ ಹಾರ್ಡ್ ಡಿಸ್ಕಿನಿಂದ ಹೊಸದಕ್ಕೆ ಸಾಗಿಸುವ ಪ್ರಸಂಗ ಬಂದದ್ದರಿಂದಲೂ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಸಾಗಿಸುವ ಕೆಲಸ ನಮ್ಮ ನಾಡಿಗೆ ಹೊಸತಲ್ಲ. ತುಳುನಾಡಿನ ಪಂಡಿತರ ಮನೆಗಳಲ್ಲಿ ತಾಳೆಗರಿಯ ಗ್ರಂಥ ಎಂದರೆ ಅಟ್ಟದಲ್ಲೋ ಪೆಟ್ಟಿಗೆಯಲ್ಲೋ ಇಟ್ಟು ಮರೆಯುವ ವಸ್ತುವಾಗಿರಲಿಲ್ಲ. ನಮ್ಮ ಮಳೆಗಾಲದ ಶೀತಕ್ಕೆ ಗರಿ ಬೂಸಲು ಹಿಡಿಯುತ್ತದೆ, ಹುಳ ತೂತು ಕೊರೆಯುತ್ತದೆ, ದಾರದ ತೂತಿನ ಸುತ್ತ ಮೊದಲು ಒಡೆಯುತ್ತದೆ. ಅಕ್ಷರ ಇನ್ನೂ ಕಾಣುತ್ತಿರುವಾಗಲೇ ಹೊಸ ಗರಿಗೆ ಕಂಟದಿಂದ ಕೊರೆದು, ಮಸಿ ಉಜ್ಜಿ ಪ್ರತಿ ಇಳಿಸಬೇಕು. ಪೂರ್ತಿ ಕೆಟ್ಟ ಮೇಲೆ ಕೈಹಾಕಿದರೆ ಪ್ರಯೋಜನ ಇಲ್ಲ. ಲಿಪಿಕಾರರು ಗ್ರಂಥದ ಕೊನೆಗೆ, ತಾನು ಕಂಡಂತೆ ಬರೆದಿದ್ದೇನೆ, ಶುದ್ಧವೋ ಅಶುದ್ಧವೋ ದೋಷ ತನ್ನದಲ್ಲ ಎಂಬರ್ಥದ ಮಾತು ಸೇರಿಸುವ ರೂಢಿಯಿತ್ತು. ನಗಬೇಡಿ, ಅದು ಬಹಳ ದೊಡ್ಡ ಶಿಸ್ತು. ಕಂಡಂತೆ ಬರೆಯುವವನು ತಪ್ಪನ್ನೂ ಹಾಗೆಯೇ ಉಳಿಸುತ್ತಾನೆ, ಮುಂದಿನವನು ಅದನ್ನು ಹಿಡಿಯಬಹುದು. ಅಪಾಯ ಇರುವುದು ಅರೆಪಂಡಿತನಾದ ಲಿಪಿಕಾರನಿಂದ. ತನಗೆ ಗೊತ್ತಿಲ್ಲದ ಶಬ್ದ ಬಂದಾಗ ಅವನು ಗೊತ್ತಿರುವ ಶಬ್ದಕ್ಕೆ ತಿದ್ದಿಬಿಡುತ್ತಾನೆ. ಆಗ ಓದುವವನಿಗೆ ಸಂಶಯವೇ ಬರುವುದಿಲ್ಲ.

ವೇದ ಉಳಿಸಿದವರು ಈ ಅಪಾಯವನ್ನು ಬಲ್ಲವರು. ಕ್ರಮಪಾಠದಲ್ಲಿ ಒಂದೊಂದು ಪದ ಮುಂದಿನದರ ಜೊತೆ ಮತ್ತೆ ಬರುತ್ತದೆ. ಜಟೆಯಲ್ಲಿ ಆ ಜೋಡಿಯೇ ಹಿಂದುಮುಂದಾಗಿ ತಿರುಗುತ್ತದೆ. ಘನದಲ್ಲಿ ಇನ್ನೂ ಸುತ್ತು. ಒಂದು ಪದ ಜಾರಿದರೆ ಸುತ್ತಿನಲ್ಲಿ ಎಲ್ಲೋ ತಡೆಯುತ್ತದೆ. ಅದರ ಮೇಲೆ ಅನುಕ್ರಮಣಿಗಳ ಲೆಕ್ಕ. ಇಷ್ಟು ಮಂಡಲ, ಇಷ್ಟು ಸೂಕ್ತ ಎಂದು ಎಣಿಸಿಟ್ಟರೆ ನಡುವೆ ಒಂದು ಕಳಚಿದ್ದು ಗೊತ್ತಾಗದೆ ಹೋಗುವುದಿಲ್ಲ; ಋಗ್ವೇದದ ಹತ್ತು ಮಂಡಲಗಳಲ್ಲಿ ವಾಲಖಿಲ್ಯ ಸೇರಿ 1028 ಸೂಕ್ತಗಳೆಂಬುದು ಇಂದಿಗೂ ನಿಂತಿರುವ ಲೆಕ್ಕ. ಗಣಕದವರು ಒಂದು ಕಡತದ ಅಕ್ಷರಗಳನ್ನೆಲ್ಲ ಅರೆದು ಒಂದು ಸಂಖ್ಯೆ ತೆಗೆಯುತ್ತಾರೆ. ಒಂದಕ್ಷರ ಬದಲಾದರೆ ಆ ಸಂಖ್ಯೆ ಬೇರೆಯಾಗುತ್ತದೆ. ಇದನ್ನು ಮೊದಲ ಸಲ ನನಗೆ ವಿವರಿಸಿದಾಗ, ಇದು ನಮ್ಮ ಅಜ್ಜಂದಿರ ಕೆಲಸವೇ ಅಂತ ಅನ್ನಿಸಿತು.

ಇನ್ನು ಹಾರ್ಡ್ ಡಿಸ್ಕು. ಇದರ ಹುಟ್ಟು 1956ರ ಸೆಪ್ಟೆಂಬರಿನಲ್ಲಿ. ಐಬಿಎಂ ಕಂಪೆನಿಯ ರ‍್ಯಾಮ್ಯಾಕ್ ಯಂತ್ರದಲ್ಲಿ 24 ಇಂಚು ಅಡ್ಡಳತೆಯ 50 ತಟ್ಟೆಗಳಿದ್ದು, ಒಟ್ಟು 50 ಲಕ್ಷ ಅಕ್ಷರ ಹಿಡಿಯುತ್ತಿದ್ದವು. ಅದೇ ವರ್ಷ ನವೆಂಬರ್ 1ರಂದು ಕಾಸರಗೋಡು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಕಳಚಿ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದೂ, ಅದು ಕಾಗದದಲ್ಲೇ ಉಳಿದದ್ದೂ ಈ ಸಭೆಗೆ ಗೊತ್ತಿದ್ದದ್ದೇ. ಎರಡು ಘಟನೆಗಳಿಗೂ ಸಂಬಂಧವಿಲ್ಲ. ಆದರೆ ಗಡಿ ಗೀಚಿದ ಮೇಲೆಯೇ ನಮ್ಮ ಮಾತನ್ನು ಕೂಡಿಡಬೇಕೆಂಬ ಆತುರ ನಮ್ಮವರಿಗೆ ಹೆಚ್ಚಾದದ್ದು, ಮತ್ತು ಆ ಆತುರ ಕೊನೆಗೆ ಬಂದು ತಲುಪಿದ್ದು ಈ ತಟ್ಟೆಗಳ ಮೇಲೆ.

ನನ್ನ ಸಂಗ್ರಹದ ಕ್ಯಾಸೆಟ್ಟುಗಳು ಹೆಚ್ಚಿನವು 1980ರ ದಶಕದವು. ಅದರಲ್ಲಿ ಮಾತಾಡಿದ ಹಿರಿಯರು ಈಗ ಒಬ್ಬರೂ ಇಲ್ಲ. ಹೆಂಗಸರನ್ನು ಕುರಿತೂ ‘ಅದು ಬಂತು’ ಎನ್ನುವುದು, ಕೇಳುವವರನ್ನು ಸೇರಿಸಿದರೆ ‘ನಾವು’, ಹೊರಗಿಟ್ಟರೆ ‘ಎಂಗೊ’ ಎನ್ನುವ ಭೇದ, ಇವೆಲ್ಲ ಅವರ ಬಾಯಲ್ಲಿ ಸಹಜವಾಗಿ ಬರುತ್ತಿದ್ದವು. 2000ದ ನಂತರ ಕ್ಯಾಸೆಟ್ಟುಗಳನ್ನು ಗಣಕಕ್ಕೆ ಇಳಿಸಿದೆವು. ಕ್ಯಾಸೆಟ್ಟಿನದೊಂದು ಗುಣ: ಒಂದು ಗಂಟೆಯ ಮಾತು ಇಳಿಸಲು ಒಂದು ಗಂಟೆ ಕೂರಲೇಬೇಕು, ಆದ್ದರಿಂದ ಕೇಳಲೇಬೇಕು. ಕಡತ ಹಾಗಲ್ಲ, ಕ್ಷಣದಲ್ಲಿ ನಕಲಾಗುತ್ತದೆ, ಯಾರೂ ಕೇಳುವುದಿಲ್ಲ. ಸಂಕೋಚಿಸದ ಧ್ವನಿಯಾದರೆ, ಸಿ.ಡಿ. ಗುಣಮಟ್ಟದ ಒಂದು ಗಂಟೆಗೆ ಸುಮಾರು 635 ಮೆಗಾಬೈಟು ಜಾಗ ಬೇಕು. ಎಂಪಿ3 ಮಾಡಿದರೆ ಅದರ ಹತ್ತರಲ್ಲೊಂದು ಸಾಕು. ಆದರೆ ಆ ವಿಧಾನ, ಕಿವಿ ಗಮನಿಸಲಾರದು ಎಂದು ತಾನು ಎಣಿಸಿದ್ದನ್ನು ಬಿಸಾಡುತ್ತದೆ. ಧ್ವನಿ ಅಳೆಯುವವನಿಗೆ ಅದು ಅರೆಪಂಡಿತ ಲಿಪಿಕಾರನ ಪ್ರತಿಯೇ.

ಆ 40 ಗಿಗಾಬೈಟಿನ ಡಿಸ್ಕು ಕಳೆದೆರಡು ಮಳೆಗಾಲದಿಂದ ಟಿಕ್ ಟಿಕ್ ಎನ್ನತೊಡಗಿತ್ತು. ನನ್ನ ತಂಗಿಯ ಮಗ ಬಂದವನು ಕಿವಿಗೊಟ್ಟು, “ಮಾವ°, ಈ ಶಬ್ದ ಕೇಳ್ತಾ? ಇನ್ನು ತಡವು ಮಾಡ್ಲಾಗ” ಎಂದ. ತಟ್ಟೆ ಓದುವ ಕೈ ತನ್ನ ಜಾಗ ಸಿಕ್ಕದೆ ಹಿಂದೆಮುಂದೆ ಹೋಗುವ ಸದ್ದಂತೆ ಅದು. ಅಂಥ ಡಿಸ್ಕನ್ನು ಚಾಲೂ ಮಾಡಿ ಅದು ಇದು ತೆರೆದು ನೋಡುತ್ತ ಕೂರಬಾರದು. ಒಂದೊಂದು ಓದೂ ಅದರ ಆಯುಸ್ಸಿನಿಂದಲೇ ಖರ್ಚು. ಹಳೆಯದು ಅಗಲ ಪಟ್ಟಿಯ ಕೇಬಲ್ಲಿನ ಐಡಿಇ ಜಾತಿ, ಹೊಸ ಗಣಕಗಳಲ್ಲಿ ಆ ಸಂದೇ ಇಲ್ಲ. ಯುಎಸ್‌ಬಿಗೆ ಹೊಂದಿಸುವ ಒಂದು ತಂತಿ ತಂದು, ಬೇರೆಲ್ಲೂ ಇಲ್ಲದ ಧ್ವನಿಗಳನ್ನು ಮೊದಲು, ಮುದ್ರಣವಾದ ಲೇಖನಗಳನ್ನು ಕೊನೆಗೆ ಎಂದು ಕ್ರಮ ಇಟ್ಟುಕೊಂಡೆವು. ಕತ್ತರಿಸಿ ಅಂಟಿಸುವುದಲ್ಲ, ನಕಲು ಮಾತ್ರ. ಓದಲಾಗದ ತುಂಡು ಸಿಕ್ಕಿದರೆ ಅಲ್ಲೇ ಹಠಕ್ಕೆ ನಿಲ್ಲದೆ ಮುಂದೆ ಹೋಗಿ ಕೊನೆಗೆ ಮರಳುವುದು. ಇನ್ನೊಂದು ಸಂಗತಿ ಚರಿತ್ರೆಯವರಿಗೆ ಹೇಳಬೇಕು: ವಿಂಡೋಸಿನಲ್ಲಿ ನಕಲು ಮಾಡಿದ ಕಡತಕ್ಕೆ ‘ಸೃಷ್ಟಿಯಾದ ದಿನ’ ಎಂದು ನಕಲಿನ ದಿನವೇ ಬೀಳುತ್ತದೆ, ತಿದ್ದಿದ ದಿನ ಮಾತ್ರ ಹಳೆಯದೇ ಉಳಿಯುತ್ತದೆ. ಓಲೆಯ ಕೊನೆಯ ಸಂವತ್ಸರ, ಮಾಸ, ತಿಥಿಗಳನ್ನು ಕಳೆದುಕೊಂಡ ಹಾಗೆ. ಆದ್ದರಿಂದ ಮೊದಲೇ ಎಲ್ಲ ಕಡತಗಳ ಪಟ್ಟಿಯನ್ನು ದಿನಾಂಕ ಸಹಿತ ಮುದ್ರಿಸಿಕೊಂಡೆವು. ಎರಡೂ ಡಿಸ್ಕಿನ ಸಂಖ್ಯೆಗಳನ್ನು ತಾಳೆ ನೋಡಿದೆವು. ಕೂಡಿತು.

ಕೂಡಿದ್ದು ಪಾತ್ರೆ ಮಾತ್ರ. ಶಬ್ದಪಟ್ಟಿಯ ಕಡತ ತೆರೆದರೆ ಇಂಗ್ಲಿಷು, ಲ್ಯಾಟಿನ್ ಗುರುತುಗಳ ಕಲಸುಮೇಲೋಗರ! ಬೈಟು ಬೈಟಿಗೆ ಸರಿ ಇದೆ, ಅಕ್ಷರ ಇಲ್ಲ. ಕಾರಣ, ಆ ಕಾಲದ ಕನ್ನಡ ತಂತ್ರಾಂಶಗಳಲ್ಲಿ ಎಷ್ಟೋ ಕಡೆ ಕನ್ನಡ ಅಕ್ಷರಕ್ಕೆ ಸ್ವಂತ ಸಂಖ್ಯೆ ಇರಲಿಲ್ಲ. ಲ್ಯಾಟಿನ್ ಅಕ್ಷರಗಳ ಸಂಖ್ಯೆಗೆ ಕನ್ನಡದ ತುಂಡುರೂಪ ಹೊದೆಸುತ್ತಿದ್ದರು. ಫಾಂಟು ಇಲ್ಲದಿದ್ದರೆ ಹೊದಿಕೆ ಜಾರುತ್ತದೆ. ತಿಗಳಾರಿ ಓಲೆಯನ್ನು ಅಚ್ಚುಕಟ್ಟಾಗಿ ಉಳಿಸಿ, ಓದುವವನನ್ನು ಕಳೆದುಕೊಂಡ ಮನೆಯ ಸ್ಥಿತಿ ಇದೇ. ಮಂಗಳೂರಿನಲ್ಲಿ 1841ರಲ್ಲಿ ಶುರುವಾದ ಬಾಸೆಲ್ ಮಿಶನ್ ಮುದ್ರಣಾಲಯ ತುಳುವನ್ನೂ ಕನ್ನಡ ಲಿಪಿಯಲ್ಲೇ ಅಚ್ಚುಹಾಕಿತು, ತಿಗಳಾರಿ ಓದುವವರು ಕ್ರಮೇಣ ವಿರಳರಾದರು. ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರಂಥವರು ಅಂಥ ಓಲೆಗಳನ್ನು ಓದಿ ವಿಷ್ಣುತುಂಗನ ‘ಶ್ರೀ ಭಾಗವತೊ’ವನ್ನು ಬೆಳಕಿಗೆ ತಂದ ಮೇಲೆಯೇ ತುಳುವಿಗೆ ಹಳೆಯ ಕಾವ್ಯವಿದೆ ಎಂಬುದು ಹಲವರಿಗೆ ಗೊತ್ತಾಯಿತು. ಓಲೆ ಆವರೆಗೆ ಎಲ್ಲಿಗೂ ಹೋಗಿರಲಿಲ್ಲ.

ಹಳೆಯ ಫಾಂಟಿನಿಂದ ಯೂನಿಕೋಡಿಗೆ ತರುವ ಪರಿವರ್ತಕಗಳಿವೆ, ಕೆಲಸ ಮಾಡುತ್ತವೆ. ಆದರೆ ನನ್ನ ಜೀವ ಹೋದದ್ದು ಒಂದು ಸಣ್ಣ ಸೊನ್ನೆಯಲ್ಲಿ. ಕುಂಬಳೆ ಸೀಮೆಯ ಹವ್ಯಕದಲ್ಲಿ ಪುಲ್ಲಿಂಗ ಏಕವಚನದ ಕೊನೆಯ ಸ್ವರ ಮೂಗಿನಲ್ಲಿ ಮುಗಿಯುತ್ತದೆ: ಮಾವ°, ಅವ°, ಬಂದ°, ಬೈಂದ°. ಹಳಗನ್ನಡದ ‘ಅವಂ’, ‘ಬಂದಂ’ ಎಂಬಲ್ಲಿನ ಬಿಂದುವಿನ ಉಳಿಕೆ ಇದೆಂಬುದು ನನ್ನ ಅಭಿಪ್ರಾಯ. ಶಿಕ್ಷಾಶಾಸ್ತ್ರದ ಪ್ರಕಾರ ಇದು ಅನುಸ್ವಾರವಲ್ಲ, ಬಾಯಿ ಮೂಗು ಎರಡರಲ್ಲೂ ಒಟ್ಟಿಗೆ ಹೊರಡುವ ಅನುನಾಸಿಕ. ಬರೆಯುವಾಗ ನಮ್ಮವರು ಮೇಲುಗಡೆ ಸಣ್ಣ ಸೊನ್ನೆ ಹಾಕುತ್ತಾರೆ. ಬೆರಳಚ್ಚು ಮಾಡಿದವರು ಕೆಲವು ಕಡೆ ಇಂಗ್ಲಿಷು ಫಾಂಟಿಗೆ ಹೊರಳಿ ಉಷ್ಣಾಂಶದ ಡಿಗ್ರಿ ಗುರುತು ಹಾಕಿದ್ದರು. ಆ ಸಂಖ್ಯೆಗೆ ಕನ್ನಡ ಫಾಂಟಿನಲ್ಲಿ ಬೇರೇನೋ ಅಕ್ಷರರೂಪ ಕೊಟ್ಟಾಗಿತ್ತು. ಪರಿವರ್ತಕ ಅದನ್ನೇ ತಂದು ಹಚ್ಚಿತು, ಶಬ್ದಕ್ಕೊಂದು ಬಾಲ ಬೆಳೆಯಿತು. ಅದು ಕಣ್ಣಿಗೆ ಹೊಡೆಯುತ್ತದೆ, ತಿದ್ದಬಹುದು. ಇನ್ನು ಕೆಲವು ಕಡೆ ಬೇರೆ ಉಪಾಯದಿಂದ ಹಾಕಿದ ಸೊನ್ನೆಯನ್ನು ಅದು ಗುರುತಿಸದೆ ಬಿಟ್ಟೇಬಿಟ್ಟಿತು. ಉಳಿದದ್ದು ‘ಬಂದ’. ನೋಡಿ, ಇದು ಶುದ್ಧ ಕನ್ನಡ ಶಬ್ದ! ಬೆಂಗಳೂರಿನಲ್ಲಿ ಕೂತು ಓದುವ ಸಂಶೋಧಕನಿಗೆ ಏನೂ ಹೋದಂತೆ ಕಾಣುವುದಿಲ್ಲ. ನಾಳೆ ಒಬ್ಬನು ಈ ಪಟ್ಟಿ ಹಿಡಿದು, ಕಾಸರಗೋಡಿನ ಹವ್ಯಕದಲ್ಲಿ ಅನುನಾಸಿಕ ಲೋಪವಾಗಿದೆ ಅಂತ ಪ್ರಬಂಧ ಮಂಡಿಸಿದರೆ ಯಾರು ತಡೆಯುವುದು?

ತಡೆಯುವುದಕ್ಕೆ ಇದ್ದದ್ದು ಅನುಕ್ರಮಣಿಯ ದಾರಿ ಒಂದೇ. ಕೈಬರಹದ ಚೀಟಿಗಳಲ್ಲಿ ಸೊನ್ನೆ ಇದ್ದವನ್ನು ಎಣಿಸುವುದು, ಕಡತದಲ್ಲಿ ಎಣಿಸುವುದು, ವ್ಯತ್ಯಾಸ ಬಂದ ಅಕ್ಷರವಿಭಾಗಕ್ಕೆ ಹೋಗಿ ಒಂದೊಂದೇ ಶಬ್ದ ನೋಡುವುದು, ಚೀಟಿಯೂ ಅಸ್ಪಷ್ಟವಿದ್ದರೆ ಕ್ಯಾಸೆಟ್ಟಿನ ಧ್ವನಿ ಕೇಳುವುದು. ಇಡೀ ಆಟಿ ತಿಂಗಳು ಇದರಲ್ಲೇ ಹೋಯಿತು. ಮನೆಯವಳು, ಡಿಸ್ಕು ಸಾಗಿಸಲು ಒಂದು ದಿನ, ಸೊನ್ನೆ ಸಾಗಿಸಲು ಒಂದು ತಿಂಗಳು ಅಂತ ತಮಾಷೆ ಮಾಡಿದಳು.

ಯೂನಿಕೋಡಿನವರು 2014ರಲ್ಲಿ ಕನ್ನಡಕ್ಕೆ ಚಂದ್ರಬಿಂದುವನ್ನು ಸೇರಿಸಿದ್ದಾರೆ. ಶಾಸ್ತ್ರಕ್ಕೆ ಅದೇ ಸರಿ. ಆದರೂ ನಾನು ರೂಢಿಯ ಸೊನ್ನೆಯನ್ನೇ ಇಟ್ಟಿದ್ದೇನೆ; ನಮ್ಮ ಜನ ಬರೆಯುವುದು ಹಾಗೆ, ಮತ್ತು ಕಂಡಂತೆ ಬರೆಯಬೇಕೆಂಬುದು ಲಿಪಿಕಾರನ ಧರ್ಮ. ಮುಂದೆ ಬೇಕಾದವರು ಒಂದೇ ಆಜ್ಞೆಯಲ್ಲಿ ಬದಲಿಸಿಕೊಳ್ಳಬಹುದು, ಗುರುತು ಇದ್ದರೆ ಸರಿ. ಆ ಕೋಷ್ಟಕದಲ್ಲೂ ಲಿಪಿಕಾರದೋಷ ಇಲ್ಲದಿಲ್ಲ. ಹಳಗನ್ನಡದ ‘ೞ’ಕಾರಕ್ಕೆ ಅಲ್ಲಿ ತಪ್ಪಿ ‘ಫ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರು ಬದಲಿಸಬಾರದೆಂಬ ನಿಯಮದಿಂದಾಗಿ ಹಾಗೇ ಉಳಿದಿದೆ, ಪಕ್ಕದಲ್ಲಿ ಟಿಪ್ಪಣಿ ಮಾತ್ರ. ತುಳು–ತಿಗಳಾರಿ ಲಿಪಿಗೂ 2024ರಲ್ಲಿ ಅಲ್ಲಿ ಸ್ಥಾನ ಸಿಕ್ಕಿತು.

ಸದ್ಯ ಸಂಗ್ರಹದ ಮೂರು ಪ್ರತಿಗಳಿವೆ. ಒಂದು ನಮ್ಮ ಮನೆಯಲ್ಲಿ, ಒಂದು ತಂಗಿಯ ಮನೆಯಲ್ಲಿ, ಒಂದು ಪುತ್ತೂರಿನಲ್ಲಿರುವ ಶಿಷ್ಯನೊಬ್ಬನಲ್ಲಿ. ಹಳೆಯ ಫಾಂಟಿನ ಮೂಲ ಕಡತಗಳನ್ನೂ ಆ ಫಾಂಟನ್ನೂ ಪರಿವರ್ತಿತ ಕಡತಗಳ ಜೊತೆಗೇ ಇಟ್ಟಿದ್ದೇವೆ. ಚೀಟಿಗಳ ಪೆಟ್ಟಿಗೆಗೆ ಕರ್ಪೂರ ಹಾಕಿ ಮುಚ್ಚಿದೆ. ಒಂದು ಕ್ಯಾಸೆಟ್ಟಿನ ಟೇಪು ಅಂಟಿಕೊಂಡು ಸುತ್ತುತ್ತಿಲ್ಲ. ಅದರಲ್ಲಿ ಬೇಳ ಕಡೆಯ ಒಬ್ಬ ಅಜ್ಜಿ ಅಡಿಗೆಯ ಪಾತ್ರೆಗಳ ಹೆಸರು ಹೇಳಿದ್ದುಂಟು, ಗಣಕಕ್ಕೆ ಇಳಿಸಿದ ಕಡತದಲ್ಲಿ ಅರ್ಧ ಮಾತ್ರ ಇದೆ. ಟೇಪು ಬಿಡಿಸಬಲ್ಲವರು ಈ ಸಭೆಯಲ್ಲಿ ಯಾರಾದರೂ ಇದ್ದರೆ ಊಟದ ಹೊತ್ತಿಗೆ ಸಿಕ್ಕಬೇಕಾಗಿ ಕೇಳಿಕೊಳ್ಳುತ್ತೇನೆ.