‘ಪ್ರೆಸೆಂಟ್ಲಿ’ ಅಂದರೆ ಯಾವಾಗ?

‘ಪ್ರೆಸೆಂಟ್ಲಿ’ ಎಂಬ ಇಂಗ್ಲಿಷ್ ಪದಕ್ಕೆ ಎರಡು ಅರ್ಥಗಳಿವೆ, ಎರಡಕ್ಕೂ ಒಂದಕ್ಕೊಂದು ಆಗಿಬರುವುದಿಲ್ಲ. ಅಮೆರಿಕದವರಿಗೆ ಅದು ‘ಸದ್ಯಕ್ಕೆ, ಈಗ’. ಹಳೇ ಪದ್ಧತಿಯ ಬ್ರಿಟಿಷರಿಗೆ ‘ಇನ್ನು ಸ್ವಲ್ಪ ಹೊತ್ತಿನಲ್ಲಿ’. ಬಯೋಡೇಟಾದಲ್ಲಿ ‘ಪ್ರೆಸೆಂಟ್ಲಿ ವರ್ಕಿಂಗ್’ ಎಂದು ಬರೆಯುವ ನಾವು ಅಮೆರಿಕದವರ ಕಡೆ.

ಮೊದಲು ಈ ಜಗಳವೇ ಇರಲಿಲ್ಲ. ಮೂಲ ಲ್ಯಾಟಿನ್, ‘ಕಣ್ಣೆದುರಿಗೇ ಇರುವುದು’ ಎಂಬ ಭಾವ. ಹಾಗಾಗಿ ಆಗಿನ ಅರ್ಥ ‘ತಕ್ಷಣ’. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ, ಮತ್ತಾಯನ ಸುವಾರ್ತೆಯ 21ನೇ ಅಧ್ಯಾಯದಲ್ಲಿ, ಯೇಸು ಶಪಿಸಿದ ಅಂಜೂರದ ಮರ ‘ಪ್ರೆಸೆಂಟ್ಲಿ’ ಒಣಗುತ್ತದೆ. ಇಂದಿನ ಓದುಗನಿಗೆ ಅದು ನಿಧಾನವಾಗಿ ಒಣಗಿದಂತೆ ಕಂಡೀತು. ಆದರೆ ಶಿಷ್ಯರು ಬೆರಗಾಗುವುದೇ ಮರ ಥಟ್ಟನೆ ಒಣಗಿದ್ದಕ್ಕೆ. ನಿಧಾನಕ್ಕೆ ಒಣಗಲು ಪವಾಡ ಯಾಕೆ, ನೀರು ಬಿಡದಿದ್ದರೆ ಸಾಕಲ್ಲ!

‘ತಕ್ಷಣ’ ಎಂಬುದು ‘ಆಮೇಲೆ’ ಆದದ್ದು ಹೇಗೆ? ತಪ್ಪು ಪದದ್ದಲ್ಲ, ಹೇಳುವವರದ್ದು. ‘ಈಗಲೇ’ ಎಂದವರು ಈಗಲೇ ಮಾಡುವುದಿಲ್ಲ. ಕೇಳಿದವರು ಪದಕ್ಕೆ ಒಂದಿಷ್ಟು ಕಾಲಾವಕಾಶ ಸೇರಿಸಿಯೇ ಅರ್ಥ ಮಾಡಿಕೊಳ್ಳುತ್ತಾರೆ. ‘ಸೂನ್’ ಕೂಡ ಹಳೆಯ ಇಂಗ್ಲಿಷಿನಲ್ಲಿ ‘ಸೋನಾ’ ಆಗಿದ್ದಾಗ ತಕ್ಷಣವೆಂದೇ ಅರ್ಥ. ‘ಅನಾನ್’ ಎಂಬುದರ ಗತಿಯೂ ಇದೇ. ಷೇಕ್ಸ್‌ಪಿಯರನ ‘ನಾಲ್ಕನೇ ಹೆನ್ರಿ’ಯ ಮೊದಲ ಭಾಗದಲ್ಲಿ ಫ್ರಾನ್ಸಿಸ್ ಎಂಬ ಹೆಂಡದಂಗಡಿಯ ಹುಡುಗನಿದ್ದಾನೆ. ಪಕ್ಕದ ಕೋಣೆಯಿಂದ ಕರೆ ಬಂದಾಗಲೆಲ್ಲ ‘ಅನಾನ್, ಅನಾನ್’ ಎಂದು ಕೂಗುತ್ತಾನೆ. ರಾಜಕುಮಾರ ಬೇಕೆಂದೇ ಮಾತಿಗೆ ಹಿಡಿದು ನಿಲ್ಲಿಸಿಕೊಂಡಿರುವುದರಿಂದ ನಿಂತಲ್ಲಿಂದ ಕದಲುವುದಿಲ್ಲ. ಪದವೊಂದು ಸವೆಯುವುದನ್ನು ರಂಗದ ಮೇಲೇ ನೋಡಬಹುದು. ನಮ್ಮ ಹೋಟೆಲಿನ ಮಾಣಿ ಇವನಿಗಿಂತ ಜಾಣ. ‘ಬರ್ತೀನಿ’ ಎನ್ನುವುದಿಲ್ಲ, ಅಡುಗೆಮನೆಯೊಳಗಿಂದಲೇ ‘ಬಂದೆ ಸಾರ್’ ಎಂದು ಭೂತಕಾಲದಲ್ಲಿ ಮುಗಿಸಿಬಿಡುತ್ತಾನೆ.

‘ಈಗ’ ಎಂಬರ್ಥದ ‘ಪ್ರೆಸೆಂಟ್ಲಿ’ ಅಶುದ್ಧ, ಅಮೆರಿಕದವರು ಕೆಡಿಸಿದ್ದು ಎಂದು ಗೊಣಗುವ ಇಂಗ್ಲಿಷ್ ಪಂಡಿತರಿದ್ದಾರೆ. ಅವರ ವಾದ ನಿಲ್ಲುವುದಿಲ್ಲ. ಆ ಅರ್ಥವೂ ಹಳೆಯದೇ, ಸ್ಕಾಟ್ಲೆಂಡಿನವರು ಅದನ್ನು ಬಿಟ್ಟೇ ಇರಲಿಲ್ಲ. ನಮ್ಮ ಬಯೋಡೇಟಾಗಳಿಗೆ ಭಯವಿಲ್ಲ.

ಆದರೆ ಗಡುವು ಇರುವ ಪತ್ರದಲ್ಲಿ ಮಾತ್ರ ಈ ಪದ ಬೇಡ. ತಾರೀಖು ಬರೆಯಿರಿ.